ಪದ್ಮಕ್ಕ ಮತ್ತು ನಾನು ಲಿನಕ್ಸ್ ಕಲಿತ ಮಳೆಗಾಲ

ಈ ಕತೆಯನ್ನು ಗೊತ್ತಿದ್ದವರೆಲ್ಲ ಒಂದೇ ಥರ ಹೇಳುತ್ತಾರೆ. ವಿಜಯನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪದ್ಮಕ್ಕ ಅನ್ನುವವರು ಒಂದು ಎಂಟರ್ ಹೊಡೆದು ಮೇಷ್ಟ್ರ ಹನ್ನೊಂದು ವರ್ಷದ ಕೆಲಸವನ್ನು ಅಳಿಸಿಹಾಕಿದರು. ಆಮೇಲೆ ಸಿಂಧು ಅನ್ನುವ ಹುಡುಗಿ ಲಿನಕ್ಸ್ ಹಾಕಿ ಕಂಪ್ಯೂಟರ್ ಸೆಕ್ಷನ್ ಉಳಿಸಿದಳು. ಕೇಳಲು ಚೆನ್ನಾಗಿದೆ. ಒಬ್ಬರು ಕೆಡಿಸುತ್ತಾರೆ, ಇನ್ನೊಬ್ಬರು ಸರಿಮಾಡುತ್ತಾರೆ, ಕೊನೆಗೆ ಒಂದು ಪುಕ್ಕಟೆ ಸಿಡಿ ಗೆಲ್ಲುತ್ತದೆ. ಆ ಸಿಂಧು ನಾನೇ, ಮತ್ತು ಈ ಕತೆಗೆ ನನ್ನ ವಿರೋಧವಿದೆ. ಪದ್ಮಕ್ಕ ತಪ್ಪು ಹೊಡೆಯಲಿಲ್ಲ. ನಾನು ಏನನ್ನೂ ಉಳಿಸಲಿಲ್ಲ. ಇನ್ನೂ ಒಂದು ಆಕ್ಷೇಪವಿದೆ; ಅದನ್ನು ಹೇಳಬೇಕಾದರೆ ಆ ಇಡೀ ಮಳೆಗಾಲವನ್ನೇ ಹೇಳಬೇಕು.

ಕಳೆದ ತಿಂಗಳು ಮಂಜು ಫೋನ್ ಮಾಡಿ, ಇನ್‌ಸ್ಟಿಟ್ಯೂಟಿನ ಟೈಪ್‌ರೈಟರುಗಳನ್ನು ಗುಜರಿಯವನು ಎತ್ತಿಕೊಂಡು ಹೋಗುತ್ತಿದ್ದಾನೆ, ನೋಡುವುದಿದ್ದರೆ ಬಾ ಎಂದ. ಮಂಜು ಕಾಲೇಜಿನಲ್ಲಿ ನನ್ನ ಚರ್ಚಾಸ್ಪರ್ಧೆಯ ಜೊತೆಗಾರ. ಹೋದೆ. ಮೆಟ್ರೋ ಕೆಲಸಕ್ಕೆ ಅಗೆದ ರಸ್ತೆಯ ಅಂಚಿಗೆ ತಗಡಿನ ಗೋಡೆ. ಅದಕ್ಕೂ ಅಂಗಡಿ ಸಾಲಿಗೂ ನಡುವೆ ಒಬ್ಬರು ಮೈ ಓರೆಮಾಡಿಕೊಂಡು ಹೋಗುವಷ್ಟು ಜಾಗ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿಯಿತು: ಮಷಿನ್ ಎಣ್ಣೆ, ರಿಬ್ಬನ್ನಿನ ಶಾಯಿ, ಮಳೆಗಾಲದ ಕಾಗದದ ಮುಗ್ಗಲು. ಮೂರು ವರ್ಷದ ಹಿಂದಿನ, ಎರಡು ಸಾವಿರದ ಆರನೇ ಇಸವಿಯ ಜೂನ್ ತಿಂಗಳು ಆ ವಾಸನೆಯ ಜೊತೆಗೇ ಎದ್ದು ಬಂತು. ಒಳಗೆ ಮಂಜು ಗುಜರಿಯವನಿಗೆ ಅದೇ ಕತೆಯನ್ನು ಹೇಳುತ್ತಿದ್ದ. ಅವನು ಒಂದು ಮಷಿನ್ನನ್ನು ಹೆಗಲಿಗೇರಿಸಿಕೊಳ್ಳುತ್ತಾ, ಪಾಪ ಆ ಯಮ್ಮ, ಎಂದ. ನಾನು ಬಾಯಿ ಬಿಡಲಿಲ್ಲ. ಅಲ್ಲಿ ಬಿಡದ ಬಾಯನ್ನು ಇಲ್ಲಿ ಬಿಡುತ್ತಿದ್ದೇನೆ.

ಇನ್‌ಸ್ಟಿಟ್ಯೂಟು ಪಾತ್ರೆ ಅಂಗಡಿಯ ಮೇಲಿನ ಮಹಡಿ. ಉದ್ದನೆಯ ಹಾಲಿನಲ್ಲಿ ಹದಿನಾರು ಟೈಪ್‌ರೈಟರು, ಹಿಂದೆ ಪ್ಲೈವುಡ್ ಗೋಡೆಯ ಆಚೆ ಮೂರು ಕಂಪ್ಯೂಟರು. ನಾನು ಆಗ ಬಿ.ಎಸ್ಸಿ. ಎರಡನೇ ವರ್ಷ. ಕನ್ನಡ ಜೂನಿಯರ್ ಒಂದು ಪಾಸು ಮಾಡಿಕೋ, ಸರ್ಟಿಫಿಕೇಟು ಅನ್ನ ಕೇಳುವುದಿಲ್ಲ ಎಂದು ಅಮ್ಮ ಸೇರಿಸಿದ್ದರು. ಬೆಳಗ್ಗೆ ಏಳರಿಂದ ಎಂಟರ ಬ್ಯಾಚು. ಕುರುಬರಹಳ್ಳಿಯ ಮನೆಯಿಂದ ಹೊರಟು, ಟೈಪಿಂಗ್ ಮುಗಿಸಿ, ಅಲ್ಲಿಂದ ಬಸವೇಶ್ವರನಗರದ ಕಾಲೇಜಿಗೆ ಓಡುತ್ತಿದ್ದೆ.

ಮೇಷ್ಟ್ರಿಗೆ ಒಂದು ಸೂತ್ರವಿತ್ತು: ಕಣ್ಣು ಹಾಳೆಯ ಮೇಲೆ, ಬೆರಳು ಕೀ ಮೇಲೆ, ಬುದ್ಧಿ ಬಾಗಿಲಾಚೆ ಚಪ್ಪಲಿಯ ಜೊತೆ. ನೋಡಿ ಹೊಡೆಯುವವನು ಓದಬಾರದು. ಓದಿದರೆ ಅರ್ಥ ಅಡ್ಡ ಬರುತ್ತದೆ, ಅರ್ಥ ಅಡ್ಡ ಬಂದರೆ ಸ್ಪೀಡು ಬೀಳುತ್ತದೆ. ಹಾಳೆಯಲ್ಲಿ ತಪ್ಪಿದ್ದರೆ ಆ ತಪ್ಪನ್ನೇ ಹೊಡೆಯಬೇಕು. ಸರಿಮಾಡಿದರೆ ಅದೇ ತಪ್ಪು. ನನ್ನಂಥವಳಿಗೆ ಈ ಸೂತ್ರ ಹೇಗಿದ್ದೀತು? ಮೊದಲ ವಾರವೇ ಪ್ಯಾಸೇಜಿನಲ್ಲಿ ಎರಡು ಸಲ ಬಂದಿದ್ದ ಒಂದು ಸಾಲನ್ನು ಒಂದೇ ಸಲ ಹೊಡೆದೆ. ಪದ್ಮಕ್ಕ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸು ಕೊಟ್ಟರು. ಕಾಲು ಗಂಟೆ ವಾದ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸರಿ ಮಾಡೋಕೆ ಬೇರೆಯವ್ರು ಇರ್ತಾರೆ ಕಣೇ," ಅಂದರು. "ನಮ್ ಕೆಲ್ಸ ಹೊಡಿಯೋದು. ಇನ್ನೊಂದ್ ಹಾಳೆ ತಗೋ."

ಪದ್ಮಕ್ಕ ಕಾಮಾಕ್ಷಿಪಾಳ್ಯದವರು. ಮೂವತ್ತೆಂಟೋ ನಲವತ್ತೋ. ಸೀನಿಯರ್ ಪಾಸು ಮಾಡಲು ಬಂದವರು ಅಲ್ಲೇ ಕಲಿಸುವುದಕ್ಕೆ ನಿಂತು ಹದಿನೈದು ವರ್ಷವಾಗಿತ್ತು. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುವವರು ಅವರು, ರಾತ್ರಿ ಎಂಟಕ್ಕೆ ಮಷಿನ್ನುಗಳಿಗೆ ಬಟ್ಟೆ ಹೊದಿಸುವವರೂ ಅವರೇ. ಬೋರ್ಡಿನ ಮೇಲೆ ಮಾತ್ರ ಮೇಷ್ಟ್ರ ಹೆಸರು. ಮೇಷ್ಟ್ರು ಪರೀಕ್ಷೆಗೆಂದು ತಾವೇ ಪ್ಯಾಸೇಜು ಬರೆಯುತ್ತಿದ್ದರು: ನದಿಗಳ ಬಗ್ಗೆ, ಸಹಕಾರ ಸಂಘಗಳ ಬಗ್ಗೆ, ರಜೆ ಕೋರಿ ಮೇಲಧಿಕಾರಿಗೆ ಅರ್ಜಿ, ಹೀಗೆ. ಮುನ್ನೂರರ ಹತ್ತಿರ ಆಗಿದ್ದವು. ಅದನ್ನೆಲ್ಲ ಅವರ ಕೋಳಿಕಾಲಿನ ಅಕ್ಷರದಿಂದ ಕಂಪ್ಯೂಟರಿಗೆ ಹೊಡೆದಿಟ್ಟವರು ಪದ್ಮಕ್ಕ. ಹೊಡೆದಾದ ಮೇಲೆ ಕೈಬರಹ ರದ್ದಿಗೆ ಹೋಗುತ್ತಿತ್ತು. ಪುಸ್ತಕ ಮಾಡಿಸಬೇಕು ಅನ್ನುವುದು ಮೇಷ್ಟ್ರ ಆಸೆ.

ಆ ವರ್ಷ ಮೇಷ್ಟ್ರಿಗೆ ಮಂಡಿ ನೋವು ಜಾಸ್ತಿಯಾಗಿ, ಮೆಟ್ಟಿಲು ಹತ್ತುವುದೇ ಕಷ್ಟವಾಗಿ, ಮೈಸೂರಿನ ಮಗಳ ಮನೆಗೆ ಹೋಗಿಬಿಡುವ ಮಾತು ಬಂತು. ಒಂದು ಬೆಳಗ್ಗೆ ನಮ್ಮ ಬ್ಯಾಚಿನ ಎದುರಿಗೇ ಪದ್ಮಕ್ಕನಿಗೆ ಹೇಳಿದರು: "ಟೈಪಿಂಗ್ ನೀನು ನೋಡ್ಕೊತೀಯ, ಗೊತ್ತು. ಆದ್ರೆ ಇನ್ನು ನಡಿಯೋದು ಕಂಪ್ಯೂಟರ್ರೇ. ಅದನ್ನೂ ಒಬ್ಳೇ ನೋಡ್ಕೊಳ್ಳೋದು ಕಲ್ತ್ಕೊ. ಆಯುಧಪೂಜೆ ದಿನ ಬೀಗದಕೈ ನಿಂಗೆ."

ಪದ್ಮಕ್ಕ, ಆಗ್ಲಿ ಸಾರ್, ಅಂದರು. ಅಷ್ಟೇ. ಆದರೆ ಆವತ್ತು ಅವರು ಒಂದೇ ಹಾಳೆಯನ್ನು ಎರಡು ಸಲ ತಿದ್ದಿದ್ದನ್ನು ನಾನು ನೋಡಿದೆ.

ಲಿನಕ್ಸ್ ಬಂದದ್ದು ಬೇರೆ ದಾರಿಯಿಂದ. ಆ ಜುಲೈನಲ್ಲಿ ಒಂದು ಅಂತರಕಾಲೇಜು ಸ್ಪರ್ಧೆಯ ವಿಷಯ, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ. ಒಂದು ಕಾಲೇಜಿನಿಂದ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ನಾನು ಪರ, ಮಂಜು ವಿರೋಧ. ಅವನು ವೇದಿಕೆಯ ಮೇಲೆ ಒಂದು ಸಿಡಿ ಎತ್ತಿ ಹಿಡಿದು, ಇಡೀ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯನ್ನು ಸಾವಿರಾರು ಜನ ಸೇರಿ ಬರೆದು ಹಂಚಿದ್ದಾರೆ, ಒಳಗೆ ಏನಿದೆ ಎಂದು ಯಾರು ಬೇಕಾದರೂ ನೋಡಬಹುದು, ಬದಲಾಯಿಸಬಹುದು, ಪತ್ರ ಬರೆದರೆ ಅಂಚೆಯಲ್ಲಿ ಮನೆಗೇ ಕಳಿಸುತ್ತಾರೆ, ಇದಕ್ಕೆ ಬೆಲೆಯಿಲ್ಲವೇ ಎಂದು ಕೇಳಿದ. ಚಪ್ಪಾಳೆ ಬಿತ್ತು. ಇಳಿದ ಮೇಲೆ ನಾನು, ಅದು ನಡೆಯುತ್ತದೆ ಅನ್ನುವುದಕ್ಕೆ ಸಾಕ್ಷಿ ಏನು ಎಂದೆ. ಸಿಡಿಯನ್ನು ನನ್ನ ಕೈಗೇ ಕೊಟ್ಟ. "ಮೊದ್ಲು ಹಾಕ್ ನೋಡಮ್ಮ, ಆಮೇಲ್ ಬೈಯಿ."

ಬೈಯುವುದಕ್ಕೆಂದೇ ಹಾಕಿದೆ. ನಾನು ಲಿನಕ್ಸ್ ಕಲಿತದ್ದು ಪ್ರೀತಿಯಿಂದಲ್ಲ, ಹಟದಿಂದ. ಅದರ ದೋಷಗಳ ಪಟ್ಟಿ ಮಾಡಿ ಮಂಜುವಿನ ಮುಖಕ್ಕೆ ಹಿಡಿಯಬೇಕು ಅನ್ನುವುದೇ ನನ್ನ ಪಾಠಕ್ರಮ. ಪಟ್ಟಿ ಬೇಗ ಉದ್ದವಾಯಿತು. ಶಬ್ದ ಬರಲಿಲ್ಲ. ಮೋಡೆಮ್ ತನ್ನದಲ್ಲ ಎನ್ನುವ ಹಾಗೆ ಇಂಟರ್ನೆಟ್ ಮುಖ ತಿರುಗಿಸಿಕೊಂಡಿತು. ಆದೇಶಗಳನ್ನು ಅಕ್ಷರದಲ್ಲಿ ಹೊಡೆಯುವ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳಿತು. ಹೊಡೆದರೆ ಒಂದು ಚುಕ್ಕೆಯೂ ಕಾಣಲಿಲ್ಲ. ಕೀಬೋರ್ಡೇ ಕೆಟ್ಟಿದೆ ಎಂದುಕೊಂಡು ಪಕ್ಕದ ಮನೆಯಿಂದ ಇನ್ನೊಂದನ್ನು ತಂದು ಚುಚ್ಚಿದೆ. ಆಗಲೂ ಕಾಣಲಿಲ್ಲ. ಮೂರನೇ ದಿನ ತಿಳಿಯಿತು, ಅದು ತೋರಿಸುವುದೇ ಇಲ್ಲ, ಕುರುಡಾಗಿ ಹೊಡೆದು ಎಂಟರ್ ಒತ್ತಬೇಕು. ಟೈಪಿಂಗ್ ಕ್ಲಾಸಿನ ಫೀಸು ಮೊದಲ ಸಲ ದಕ್ಕಿತು.

ಮನೆಯ ಇಂಟರ್ನೆಟ್ ಹೀಗೆ ಕೈಕೊಟ್ಟಿದ್ದರಿಂದ ಉತ್ತರಗಳೆಲ್ಲ ಮುಖ್ಯರಸ್ತೆಯ ಸೈಬರ್ ಸೆಂಟರಿನಲ್ಲಿದ್ದವು. ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಮಳೆಯಲ್ಲಿ ಅಲ್ಲಿಗೆ ನಡೆಯುವುದು, ಯಾವುದೋ ದೇಶದ ಯಾರೋ ಬರೆದ ಉತ್ತರವನ್ನು ಹುಡುಕುವುದು, ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುವುದು, ಮನೆಗೆ ಬಂದು ಹೊಡೆಯುವುದು. ಒಂದು ಚುಕ್ಕೆ ಬಿಟ್ಟಿದ್ದರೆ ಮತ್ತೆ ಕೊಡೆ ಬಿಚ್ಚುವುದು. ಹನ್ನೊಂದನೇ ದಿನ ಶಬ್ದ ಬಂತು. ಅಡುಗೆಮನೆಯಿಂದ ಅಮ್ಮ, ಯಾರೇ ಬಂದ್ರು, ಎಂದು ಕೇಳಿದರು. ಬಾಗಿಲ ಗಂಟೆಯಂಥ ಆ ಒಂದು ಸದ್ದಿಗೆ ನಾನು ಎದ್ದು ಕುಣಿದದ್ದು ಸುಳ್ಳಲ್ಲ. ಮಂಜುವಿಗೆ ಹೇಳಲಿಲ್ಲ ಅಷ್ಟೆ.

ಆ ಎರಡು ತಿಂಗಳಲ್ಲಿ ಅದರ ಸ್ವಭಾವ ಅರ್ಥವಾಯಿತು. ಅದು ಸೋಮಾರಿಯಲ್ಲ, ದುಷ್ಟವೂ ಅಲ್ಲ; ವಿಧೇಯ. ನಾನೇ ಒಡತಿ ಎಂದು ಹೇಳಿ ಪಾಸ್‌ವರ್ಡ್ ಕೊಟ್ಟರೆ ನಂಬುತ್ತದೆ, ಹೇಳಿದ್ದನ್ನು ಮಾಡುತ್ತದೆ. ಒಂದು ಮಾತು ಹೆಚ್ಚಿಲ್ಲ. ಖಂಡಿತವೇ, ಮತ್ತೊಮ್ಮೆ ಯೋಚಿಸಿ ಎನ್ನುವ ಉಪಚಾರಗಳು ಕಪ್ಪು ಪರದೆಯ ಮೇಲೆ ಬಹುಮಟ್ಟಿಗೆ ಇಲ್ಲ. ನನಗೆ ಅದು ಹಿಡಿಸಿತು. ನನ್ನನ್ನು ದೊಡ್ಡವಳೆಂದು ತಿಳಿದ ಮೊದಲ ಯಂತ್ರ ಎಂದುಕೊಂಡೆ.

ಇನ್‌ಸ್ಟಿಟ್ಯೂಟಿನ ಕಂಪ್ಯೂಟರುಗಳು ಆಗಸ್ಟ್ ಹೊತ್ತಿಗೆ ವೈರಸ್ ಹೊಕ್ಕು ನರಳುತ್ತಿದ್ದವು. ರಿಪೇರಿಯವನು ಬಂದಾಗಲೆಲ್ಲ ಯಾರದೋ ನಕಲು ಸಿಡಿ ಹಾಕಿ ಹೋಗುತ್ತಿದ್ದ, ತಿಂಗಳಿಗೆ ಮತ್ತೆ ಅದೇ ಪಾಡು. ನಕಲು ಮಾಲು ನಮಗೆ ಬೇಡ ಎಂದು ಮೇಷ್ಟ್ರು ಗೊಣಗುತ್ತಿದ್ದರು. ನಾನು ಎದ್ದು ಹೋಗಿ ಲಿನಕ್ಸ್ ಪರವಾಗಿ ಮಾತಾಡಿದೆ. ಜುಲೈನಲ್ಲಿ ಮಂಜು ಹೇಳಿದ್ದನ್ನೆಲ್ಲ ಅವನಿಗಿಂತ ಚೆನ್ನಾಗಿ ಹೇಳಿದೆ. ಮೇಷ್ಟ್ರು ಒಪ್ಪಿದರು, ಒಂದು ಷರತ್ತಿನ ಮೇಲೆ: ಹಾಕುವುದು ನಾನಾದರೂ ಕಲಿಯಬೇಕಾದದ್ದು ಪದ್ಮಕ್ಕ.

ಹಾಗೆ ಶುರುವಾಯಿತು ನಮ್ಮ ಪಾಠ, ಕಾಲೇಜು ಮುಗಿಸಿ ಮಧ್ಯಾಹ್ನ ಮೂರಕ್ಕೆ. ಪದ್ಮಕ್ಕ ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿ. ಕಪ್ಪು ಪರದೆಗೆ ಹೆದರಲಿಲ್ಲ. ಅದರಲ್ಲಿ ಚಿತ್ರಗಳಿಲ್ಲ, ಬರೀ ಅಕ್ಷರ, ಇದು ನಮ್ಮದೇ ಜಾತಿ ಎಂದರು. ಆದೇಶವನ್ನು ನನ್ನ ನೋಟ್‌ಬುಕ್ಕಿನಿಂದ ನೋಡಿ ಹೊಡೆದರೆ ಒಂದು ಅಕ್ಷರ ಆಚೀಚೆ ಆಗುತ್ತಿರಲಿಲ್ಲ. ಅವರ ತಕರಾರು ಒಂದೇ, ಕನ್ನಡ ಕೀಲಿಗಳ ಜಾಗ. ಹದಿನೈದು ವರ್ಷ ಕಿರುಬೆರಳಿನಲ್ಲಿದ್ದ ಅಕ್ಷರ ಇಲ್ಲಿ ತೋರುಬೆರಳಿಗೆ ಬಂದಿದೆ, ಇದ್ಯಾವ ನ್ಯಾಯ? ನಾನು ಸೈಬರಿಗೆ ಹೋಗಿ ಹುಡುಕಿದೆ. ಯಾವ ಕೀಲಿಗೆ ಯಾವ ಅಕ್ಷರ ಅನ್ನುವುದು ಒಂದು ಸಾದಾ ಪಟ್ಟಿಯಲ್ಲಿ ಬರೆದಿಟ್ಟಿದೆ, ತೆರೆದು ತಿದ್ದಬಹುದು ಎಂದು ಗೊತ್ತಾಯಿತು. ನಾಲ್ಕು ಮಧ್ಯಾಹ್ನ ಕೂತು ತಿದ್ದಿದೆವು. ಟೈಪ್‌ರೈಟರಿನದೆಲ್ಲವನ್ನೂ ತರಲಾಗಲಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಅಕ್ಷರಗಳು ತಮ್ಮ ತವರು ಬೆರಳಿಗೆ ಬಂದವು. ಪದ್ಮಕ್ಕ ಒಂದು ಸಾಲು ಹೊಡೆದು ನೋಡಿದರು.

"ಅಂದ್ರೆ ಇದನ್ನ ಮಾಡಿದೋರು, ನಾವು ಬೇರೆ ಥರ ಅಂದ್ಕೋಬೋದು ಅಂತ ಮೊದ್ಲೇ ಯೋಚ್ನೆ ಮಾಡಿದಾರೆ."

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಅನ್ನುವ ನನ್ನ ಮಂಡನೆ ಆ ಮಧ್ಯಾಹ್ನ ಬಿದ್ದುಹೋಯಿತು. ಸೋತದ್ದಕ್ಕೆ ಬೇಜಾರಾಗದ ಏಕೈಕ ಚರ್ಚೆ ಅದು.

ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಎರಡು ಕಂಪ್ಯೂಟರು ಸಿದ್ಧವಾದವು. ಉಳಿದದ್ದು ಮೇಷ್ಟ್ರ ಮೇಜಿನದು. ಹಳೆಯದು, ಸಿಡಿ ಹಾಕಿದರೆ ಚಿತ್ರದ ಪರದೆ ಬರುವ ಮೊದಲೇ ಉಸಿರು ಬಿಡುತ್ತಿತ್ತು. ಇದನ್ನೂ ಮಿಕ್ಕ ಎರಡರ ಹಾಗೆ ಕೈಯಾರೆ, ಒಂದೊಂದೇ ಆದೇಶ ಹೊಡೆದು ಹಾಕಬೇಕು. ಆಯುಧಪೂಜೆಗೆ ಹತ್ತು ದಿನ. ಆ ಶನಿವಾರ ನನಗೆ ವರ್ಷದ ದೊಡ್ಡ ಸ್ಪರ್ಧೆ, ರೋಲಿಂಗ್ ಶೀಲ್ಡಿನದು. ಹಾಗಾಗಿ ಶುಕ್ರವಾರ ನೋಟ್‌ಬುಕ್ಕಿನಲ್ಲಿ ಒಂಬತ್ತು ಆದೇಶಗಳಿದ್ದ ಪುಟವನ್ನು ತೆರೆದು ಪದ್ಮಕ್ಕನ ಕೈಗೆ ಕೊಟ್ಟೆ. ಮನೆಯ ಕಂಪ್ಯೂಟರಿಗೆಂದು ಬರೆದಿದ್ದ ಪುಟ. ಅದನ್ನೇ ನೋಡಿಕೊಂಡು ಬೇರೆ ಎರಡನ್ನೂ ಮಾಡಿದ್ದೆ. ನಾಲ್ಕನೆಯ ಆದೇಶ ಹೇಳುವುದು ಇಷ್ಟು: ಡಿಸ್ಕಿನಲ್ಲಿ ಐದು ಎಂದು ನಂಬರಿರುವ ಭಾಗವನ್ನು ಪೂರ್ತಿ ಒರೆಸಿ ಹೊಸದು ಮಾಡು.

ಪದ್ಮಕ್ಕ ಪುಟವನ್ನು ನೋಡಿದರು. ನಾನು ಮೆಟ್ಟಿಲ ಹತ್ತಿರ ಹೋಗಿಯಾಗಿತ್ತು. ಕೆಳಗೆ ಮಂಜು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ, ರಿಹರ್ಸಲ್‌ಗೆ ಹೊತ್ತಾಗಿತ್ತು.

"ಸಿಂಧೂ, ನಾಲ್ಕನೇದ್ರಲ್ಲಿ ಐದು ಅಂತ ಇದ್ಯಲ್ಲ. ಅದು ನಿಮ್ಮನೇ ಮಿಷಿನ್ನಿನ ಲೆಕ್ಕವೋ, ಇಲ್ಲೀದೋ?"

"ಎರಡು ಮಿಷಿನ್ನಿಗೆ ಹಾಗೇ ಮಾಡಿದೀನಿ ಪದ್ಮಕ್ಕ. ನೀವು ಯೋಚ್ನೆ ಮಾಡ್ಬೇಡಿ, ನೋಡ್ಕೊಂಡು ಹೊಡೀರಿ."

ಅವರು ಪುಟ ಹಿಡಿದು ಒಳಗೆ ಹೋದರು. ನಾನು ಇಳಿದುಹೋದೆ.

ಶನಿವಾರ ಗೆದ್ದೆವು. ಮಳೆಯಲ್ಲಿ ಶೀಲ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ನಾಲ್ಕು ಗಂಟೆಗೆ ನೇರ ಇನ್‌ಸ್ಟಿಟ್ಯೂಟಿಗೇ ಬಂದೆ, ತೋರಿಸೋಣ ಎಂದು. ಹಾಲಿನಲ್ಲಿ ಒಂದು ಮಷಿನ್ನೂ ಸದ್ದು ಮಾಡುತ್ತಿರಲಿಲ್ಲ. ಮೇಷ್ಟ್ರು ಪ್ಲೈವುಡ್ ಗೋಡೆಯಾಚೆ ಕುರ್ಚಿಯಲ್ಲಿ ಕೂತಿದ್ದರು, ಪದ್ಮಕ್ಕ ಪಕ್ಕದಲ್ಲಿ ನಿಂತಿದ್ದರು. ಪರದೆಯ ಮೇಲೆ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತಿತ್ತು. ಪ್ಯಾಸೇಜುಗಳು ಇರಲಿಲ್ಲ.

ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಮನೆಯದರಲ್ಲೂ ಆ ಎರಡರಲ್ಲೂ ಐದನೇ ಭಾಗ ಖಾಲಿ ಬಿದ್ದ ಜಾಗ. ಮೇಷ್ಟ್ರ ಹಳೆಯ ಕಂಪ್ಯೂಟರಿನಲ್ಲಿ ಅವರ ಬರಹವೆಲ್ಲ ಕೂಡಿಟ್ಟ ಡಿ ಡ್ರೈವೇ ಐದನೇ ಭಾಗ. ನೋಟ್‌ಬುಕ್ಕಿನ ಪುಟದಲ್ಲಿ ಇದ್ದದ್ದನ್ನು ಪದ್ಮಕ್ಕ ಇದ್ದ ಹಾಗೆ ಹೊಡೆದಿದ್ದರು. ಲಿನಕ್ಸ್ ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು.

ಮೇಷ್ಟ್ರು ಕೂಗಾಡಲಿಲ್ಲ. "ಇದು ಹೇಗಾಯ್ತಮ್ಮ?" ಎಂದು ನನ್ನನ್ನು ಕೇಳಿದರು.

ಅರ್ಧ ಗಂಟೆಯ ಹಿಂದೆ ವೇದಿಕೆಯಿಂದ ಇಳಿದವಳು ನಾನು. ನಾಲಿಗೆ ಇನ್ನೂ ಬಿಸಿಯಾಗಿತ್ತು. ಒಂದು ಕ್ಷಣವೂ ತಡವರಿಸಲಿಲ್ಲ. ಪುಟದಲ್ಲಿ ಬರೆದದ್ದು ಮಾದರಿ, ಒಂದೊಂದು ಕಂಪ್ಯೂಟರಿನ ಒಳಭಾಗ ಒಂದೊಂದು ಥರ ಇರುತ್ತದೆ ಎಂದೆ. ಯಾವ ಭಾಗದಲ್ಲಿ ಏನಿದೆ ಎಂದು ನೋಡುವುದು ಹೇಗೆ ಅನ್ನುವುದನ್ನು ಮೊದಲ ವಾರದಲ್ಲೇ ಕಲಿಸಿದ್ದೇನೆ ಎಂದೆ; ಕಲಿಸಿದ್ದು ನಿಜ. ಎಷ್ಟು ಚೆನ್ನಾಗಿ ಬರೆದರೂ ಓದದೆ ಹೊಡೆದರೆ ಯಾವ ಪುಟವೂ ಅಪಾಯವೇ ಎಂದೆ. ಕೊನೆಯದನ್ನು ಮಾತ್ರ ನನ್ನದೇ ಮಾತಿನಲ್ಲಿ ಬರೆಯಬೇಕು, ಯಾಕೆಂದರೆ ನನ್ನನ್ನು ಗೆಲ್ಲಿಸಿದ್ದು ಅದು.

"ತಪ್ಪು ಪುಟದ್ದಲ್ಲ ಸಾರ್. ಈ ರೂಮಿನದು. ಬುದ್ಧೀನ ಚಪ್ಪಲಿ ಜೊತೆ ಬಿಟ್ಟು ಬಾ ಅಂತ ಹದಿನೈದು ವರ್ಷ ಹೇಳಿಕೊಟ್ರೆ, ಅವರಾದ್ರೂ ಏನ್ ಮಾಡ್ತಾರೆ?"

ಎಷ್ಟು ಚೆಂದ ನೋಡಿ. ಪದ್ಮಕ್ಕನ ಪರ ಮಾತಾಡಿದ ಹಾಗೂ ಇದೆ, ಅವರ ಕತ್ತು ಕೊಯ್ದ ಹಾಗೂ ಇದೆ. ಮೇಷ್ಟ್ರ ಬಾಯನ್ನೂ ಕಟ್ಟಿತು. ಹಿಂದಿನ ದಿನ ಮೆಟ್ಟಿಲ ಹತ್ತಿರ ಪದ್ಮಕ್ಕ ಕೇಳಿದ ಪ್ರಶ್ನೆ ನನಗೆ ಮರೆತಿತ್ತೇ? ಇಲ್ಲ. ಮಾತಾಡುವಾಗ ಪೂರ್ತಿ ನೆನಪಿತ್ತು. ಎದುರಾಳಿ ಎತ್ತದ ಅಂಶವನ್ನು ನಾವಾಗಿ ಎತ್ತಬಾರದು ಅನ್ನುವುದು ಚರ್ಚೆಯ ಮೊದಲ ಪಾಠ. ನಾನು ಪದ್ಮಕ್ಕನ ಮುಖ ನೋಡುತ್ತಾ ಕಾದೆ, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ಹೇಳಿದ್ದರೆ ಏನು ಉತ್ತರ ಕೊಡಬೇಕೆಂದೂ ಸಿದ್ಧ ಮಾಡಿಕೊಂಡಿದ್ದೆ. ಅವರು ಕಿಟಕಿ ಮುಚ್ಚಲು ಹೋದರು, ಎರಚಲು ಒಳಗೆ ಬರುತ್ತಿತ್ತು.

ಮೇಷ್ಟ್ರು, "ಹೊಡಿಯೋಕೆ ಬರುತ್ತೆ ಇವಳಿಗೆ. ನೋಡ್ಕೊಳ್ಳೋಕೆ ಬರಲ್ಲ," ಎಂದರು. ಅದು ತೀರ್ಪು.

ಅಳಿದದ್ದನ್ನು ವಾಪಸು ತರಲು ಒಂದು ವಾರ ಒದ್ದಾಡಿದೆ. ಸೈಬರಿನಲ್ಲಿ ಸಿಕ್ಕ ಉಪಾಯಗಳನ್ನೆಲ್ಲ ಮಾಡಿದೆ; ಈ ಸಲ ಪ್ರತಿ ಆದೇಶವನ್ನೂ ಎರಡು ಸಲ ಓದಿ. ಚೂರುಪಾರು ಸಿಕ್ಕಿತು, ಅರ್ಧ ಅಕ್ಷರ, ಅರ್ಧ ಕಸ. ಆಯುಧಪೂಜೆಯ ದಿನ ಹದಿನಾರು ಟೈಪ್‌ರೈಟರಿಗೂ ಮೂರು ಕಂಪ್ಯೂಟರಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ, ಹೊಸಿಲಿಗೆ ಬೂದುಗುಂಬಳ ಒಡೆದದ್ದು ಎಲ್ಲ ಪದ್ಮಕ್ಕನೇ. ಮಂಗಳಾರತಿಯಾದ ಮೇಲೆ ಮೇಷ್ಟ್ರು, ಕಂಪ್ಯೂಟರ್ ಸೆಕ್ಷನ್ ಸಿಂಧು ನೋಡಿಕೊಳ್ಳಲಿ, ಬೀಗದಕೈ ಸದ್ಯ ನನ್ನ ಹತ್ತಿರವೇ ಇರಲಿ ಎಂದರು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ಒಂದು ಸೆಕ್ಷನ್ನು ಕೈಗೆ ಬಂದರೆ ಯಾರು ಬೇಡ ಅನ್ನುತ್ತಾರೆ ಎಂದು ಮಂಜು ಈಗಲೂ ಸಮಾಧಾನ ಹೇಳುತ್ತಾನೆ. ವಾದ ಸರಿಯಾಗಿದೆ. ಸಮಾಧಾನವಾಗುವುದಿಲ್ಲ.

ಅದರ ಮಾರನೆಯ ದಿನದಿಂದ ಒಂದು ವಿಚಿತ್ರ ನೋಡಿದೆ. ಬ್ಯಾಚುಗಳಿಲ್ಲದ ಮಧ್ಯಾಹ್ನದ ಹೊತ್ತು ಪದ್ಮಕ್ಕ ಮೊದಲ ಕಂಪ್ಯೂಟರಿಗೆ ಕೂತು ಹೊಡೆಯತೊಡಗಿದರು. ಎದುರಿಗೆ ಹಾಳೆಯಿಲ್ಲ. ಸ್ಟ್ಯಾಂಡು ಖಾಲಿ. ಕಣ್ಣು ಗೋಡೆಯ ಮೇಲೆ. ಹೋಗಿ ನೋಡಿದರೆ ಮೇಷ್ಟ್ರ ಪ್ಯಾಸೇಜುಗಳು, ಒಂದರ ಹಿಂದೊಂದು. ಕಾಲಕ್ರಮವೂ ತಪ್ಪಿರಲಿಲ್ಲ. ನೆನಪಿಗೆ ಬಾರದ ಕೆಲವನ್ನು ಮಾತ್ರ ಅಟ್ಟದ ಮೇಲಿದ್ದ ಹಳೆಯ ವಿದ್ಯಾರ್ಥಿಗಳ ತಿದ್ದಿದ ಹಾಳೆಗಳಿಂದ ಹೆಕ್ಕಿದರು. ದಸರಾ ಕಳೆದು, ದೀಪಾವಳಿ ಕಳೆದು, ನವೆಂಬರಿನ ಚಳಿ ಹಿಡಿಯುವವರೆಗೂ ನಡೆಯಿತು. ನಾನು ಪಕ್ಕದ ಕಂಪ್ಯೂಟರಿನಲ್ಲಿ ನಾಲ್ಕು ಜನಕ್ಕೆ ಪಾಠ ಮಾಡುತ್ತಾ ಆ ಸದ್ದು ಕೇಳುತ್ತಿದ್ದೆ.

ಒಂದು ದಿನ ತಡೆಯಲಾಗದೆ, ಬೆರಳಿಗೇ ನೆನಪಿರುತ್ತಾ ಪದ್ಮಕ್ಕ, ಎಂದು ಕೇಳಿದೆ.

"ಬೆರಳಿಗೆ ಏನ್ ನೆನಪಿರುತ್ತೆ ಮಣ್ಣು," ಅಂದರು, ಹೊಡೆಯುವುದನ್ನು ನಿಲ್ಲಿಸದೆ. "ಓದಿದ್ರೆ ತಾನೆ ನೆನಪಿರೋದು."

ಅಂದರೆ ಓದುತ್ತಿದ್ದರು. ಹದಿನೈದು ವರ್ಷವೂ, ಮೇಷ್ಟ್ರ ಸೂತ್ರದ ಬೆನ್ನ ಹಿಂದೆ, ಸ್ಪೀಡು ಬೀಳಿಸದೆ, ಒಂದೊಂದು ಸಾಲನ್ನೂ ಓದುತ್ತಿದ್ದರು. ಆ ಪರದೆಯಲ್ಲೇ ಸಾಕ್ಷಿಯಿತ್ತು. ನದಿಗಳ ಪ್ಯಾಸೇಜಿನಲ್ಲಿ ಮೇಷ್ಟ್ರು ಶರಾವತಿಯನ್ನು ಪೂರ್ವಕ್ಕೆ ಹರಿಸಿದ್ದರು. ನಾವೆಲ್ಲ ಹಾಗೆಯೇ ಹೊಡೆದಿದ್ದೆವು. ಪದ್ಮಕ್ಕನ ಹೊಸ ಪ್ರತಿಯಲ್ಲಿ ಅದು ಪಶ್ಚಿಮಕ್ಕೆ ಹರಿಯುತ್ತಿತ್ತು. ಮೇಷ್ಟ್ರು ಕೊನೆಯವರೆಗೂ ಗಮನಿಸಲಿಲ್ಲ. ಆ ಸಾಲು ಓದಿದಾಗ, ನಾನು ಗೆದ್ದ ವಾದದ ಒಂದೇ ಒಂದು ಆಧಾರ ಕಾಲ ಕೆಳಗಿಂದ ಸರಿಯಿತು. ಅವರು ಓದದೆ ಹೊಡೆಯುತ್ತಾರೆ ಎಂದು ಹೇಳಿ ನಾನು ಗೆದ್ದಿದ್ದೆ.

ಡಿಸೆಂಬರಿನಲ್ಲಿ ಎಲ್ಲವನ್ನೂ ಒಂದು ಸಿಡಿಗೆ ಹಾಕಿ ಮೇಷ್ಟ್ರ ಮೇಜಿನ ಮೇಲಿಟ್ಟು, ನಾಳೆಯಿಂದ ಬರಲ್ಲ ಸಾರ್, ಬೇರೆ ಕಡೆ ಸೇರಿಕೊಂಡಿದ್ದೇನೆ ಎಂದರಂತೆ. ನಾನು ಅಲ್ಲಿರಲಿಲ್ಲ. ಅವರಿಲ್ಲದ ಟೈಪಿಂಗ್ ಸೆಕ್ಷನ್ನು ಆರು ತಿಂಗಳೂ ನಡೆಯಲಿಲ್ಲ. ನನ್ನ ಸೆಕ್ಷನ್ನು ನನ್ನ ಫೈನಲ್ ಪರೀಕ್ಷೆ ಬಂದ ಕೂಡಲೇ ನಿಂತಿತು. ಮೇಷ್ಟ್ರು ಮೈಸೂರಿಗೆ ಹೋದರು. ಪುಸ್ತಕ ಬಂತು, ಅದರ ಮುನ್ನುಡಿಯಲ್ಲಿ ನನ್ನ ಹೆಸರಿದೆ. ಉಳಿಸಿದಳು ಅನ್ನುವ ಕತೆ ಹುಟ್ಟಿದ್ದು ಬಹುಶಃ ಅಲ್ಲಿಂದ.

ಲಿನಕ್ಸನ್ನು ನಾನು ಬಿಟ್ಟಿಲ್ಲ. ಈಗಲೂ ಅದರ ಪರ ವಾದಿಸುತ್ತೇನೆ, ಮುಂಚಿಗಿಂತ ಚೆನ್ನಾಗಿ. ಕಲಿಯಲು ಬರುವವರಿಗೆ ಮೊದಲ ದಿನವೇ ಹೇಳುತ್ತೇನೆ: ಬೇರೆಯವರ ಪುಟದಿಂದ ಹೊಡೆಯುವಾಗ ಪ್ರಶ್ನೆ ಬಂದರೆ ಕೈ ಎತ್ತಿ, ಉತ್ತರ ಬರುವವರೆಗೆ ಎಂಟರ್ ಮುಟ್ಟಬೇಡಿ. ಪುಟ ಬರೆದವರು ಅವಸರದಲ್ಲಿದ್ದರೆ ಅವರನ್ನು ತಡೆದು ನಿಲ್ಲಿಸಿ.

ಟೈಪ್‌ರೈಟರುಗಳನ್ನು ಲಾರಿಗೆ ಹೇರಿದ ಆ ದಿನ ಮಂಜುವನ್ನು ಅಲ್ಲೇ ಬಿಟ್ಟು, ಪಾತ್ರೆ ಅಂಗಡಿಯವರ ಹತ್ತಿರ ಕೇಳಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಮಾಗಡಿ ರಸ್ತೆಯಿಂದ ಒಳಗೆ ಎರಡು ತಿರುವು, ಒಂದು ಗಾರ್ಮೆಂಟ್ಸ್ ಘಟಕ. ಹೊಲಿಗೆ ಯಂತ್ರಗಳ ಭೋರ್ಗರೆತದ ಪಕ್ಕದಲ್ಲಿ ಗಾಜಿನ ಆಫೀಸು. ಪದ್ಮಕ್ಕ ಪ್ಯಾ­ಕಿಂಗ್ ಪಟ್ಟಿ ಹೊಡೆಯುತ್ತಿದ್ದರು. ತಲೆಯಲ್ಲಿ ಸ್ವಲ್ಪ ಬಿಳಿ ಬಂದಿತ್ತು. ಪರದೆಯ ಮೇಲೆ ಲಿನಕ್ಸ್. ನಾನು ನೋಡುತ್ತಿರುವುದನ್ನು ಗಮನಿಸಿ, "ನಾನೇ ಹಾಕಿದ್ದು," ಅಂದರು. "ನಾಲ್ಕು ಮಿಷಿನ್ನಿಗೂ. ಪುಟ ನಾನೇ ಬರ್ಕೊಂಡೆ."

ಟೀ ತರಿಸಿದರು. ಅಮ್ಮ ಹೇಗಿದ್ದಾರೆ, ಮದುವೆ ಯಾವಾಗ, ಇನ್ನೂ ಹಾಗೇ ವಾದ ಮಾಡುತ್ತೀಯಾ ಎಂದೆಲ್ಲ ಕೇಳಿದರು. ಒಂದು ಕಹಿ ಮಾತಿಲ್ಲ. ಅದೇ ಕಷ್ಟವಾಯಿತು. ಆವತ್ತು ಅವರು ಬಾಯಿ ಬಿಡದೆ ಕಿಟಕಿ ಮುಚ್ಚಲು ಹೋದದ್ದು ಯಾಕೆ ಅನ್ನುವುದಕ್ಕೆ ನಾನು ಮೂರು ವರ್ಷದಲ್ಲಿ ಮೂರು ಉತ್ತರ ಕಟ್ಟಿಕೊಂಡಿದ್ದೇನೆ: ಚಿಕ್ಕ ಹುಡುಗಿ, ಬಿಡು ಎಂದುಕೊಂಡಿರಬಹುದು. ಇವರಿಬ್ಬರ ಮುಂದೆ ತನ್ನ ಮಾತು ನಡೆಯುವುದಿಲ್ಲ ಎಂದು ಲೆಕ್ಕ ಹಾಕಿರಬಹುದು. ಇಲ್ಲವೇ, ಕೇಳಿಯೂ ಹೊಡೆದೆನಲ್ಲ ಎಂದು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಂಡಿರಬಹುದು. ಮೂರಕ್ಕೂ ಪರವಾಗಿ ಹತ್ತು ನಿಮಿಷ ಮಾತಾಡಬಲ್ಲೆ, ವಿರೋಧವಾಗಿಯೂ. ಯಾವುದು ನಿಜ ಎಂದು ಮಾತ್ರ ಹೇಳಲಾರೆ. ನಾನು ಆ ಸಂಜೆಯ ಮಾತೆತ್ತಿದೆ. ತಪ್ಪು ನನ್ನದೆಂದು, ಆಗಲೇ ಗೊತ್ತಿತ್ತೆಂದು ಹೇಳಿದೆ. ಪದ್ಮಕ್ಕ ಲೋಟ ಕೆಳಗಿಟ್ಟು ಕೀಬೋರ್ಡಿನ ಮೇಲೆ ಕೈಯಿಟ್ಟರು, ಹೊಡೆಯಲಿಲ್ಲ. ಗಾಜಿನಾಚೆ ಯಾರೋ ಅವರನ್ನು ಕರೆಯುತ್ತಿದ್ದರು. ಅವರು ಏಳುವ ಮೊದಲು ಕೇಳಿಬಿಟ್ಟೆ.

"ನಾನು ಅಲ್ಲಿ ನಿಂತು ಅಷ್ಟುದ್ದ ಮಾತಾಡ್ತಿದ್ದಾಗ, ನಿನ್ನೆ ಇವಳನ್ನ ಕೇಳಿದ್ದೆ ಸಾರ್ ಅಂತ ಒಂದು ಮಾತು ನೀವು ಯಾಕೆ ಹೇಳ್ಲಿಲ್ಲ ಪದ್ಮಕ್ಕ?"